ಔಡಲೆಣ್ಣೆ ಹಚ್ಚಿದ ಅಕ್ಕಿ

ಬಸಮ್ಮನವರೇ, ನೀವು ಅಳತೆ ತಪ್ಪಿರಲಿಲ್ಲ. ತಪ್ಪಿದ್ದು ನಾನು. ಲಕ್ಕಿ ಎಲೆಯ ಪುಡಿ ಅಕ್ಕಿಯನ್ನು ಹುಳದಿಂದ ಕಾಯುತ್ತದೆ ಎಂದು ನಾನು ಹೇಳಿದ್ದಕ್ಕೆ ಆಧಾರವಿರಲಿಲ್ಲ — ಅದು ನನಗೆ ನಿಮ್ಮ ಚೀಲಗಳಲ್ಲಿ ನುಸಿ ಕಾಣುವ ಮೊದಲೇ ಗೊತ್ತಿತ್ತು.

ಎಂಟು ವರ್ಷವಾಯಿತು. ಆಗ ನಾನು ಅಕ್ಕಿಯ ಸೊಂಡಿಲು ಹುಳದ ಮೇಲೆ ಪಿಎಚ್.ಡಿ. ಮಾಡುತ್ತಿದ್ದೆ. ನೀವು ಕಂಪ್ಲಿಯ ಮಹಿಳಾ ಸಂಘದ ಮುಂದಾಳು; ಅಕ್ಕಿ ಹಸನು ಮಾಡಿಸಿ ಯಶವಂತನಗರದ ಒಂದು ಕ್ಯಾಂಟೀನಿಗೆ ಕಳಿಸುತ್ತಿದ್ದಿರಿ.

ಈ ಹುಳದ ಹೆಣ್ಣು ಕಾಳಿಗೆ ತೂತು ಕೊರೆದು, ಒಳಗೆ ಮೊಟ್ಟೆಯಿಟ್ಟು, ತೂತನ್ನು ತನ್ನದೇ ಅಂಟಿನಿಂದ ಮುಚ್ಚುತ್ತದೆ. ಹೊರಗಿನಿಂದ ಕಾಳು ಹಸನಾಗಿಯೇ ಕಾಣುತ್ತದೆ. ಹಾಗಾಗಿ ನಮ್ಮ ಕೆಲಸವೆಂದರೆ ಕಾಯುವುದು: ಬಾಟಲಿಗೆ ಅಕ್ಕಿ ತುಂಬಿ, ಹುಳ ಬಿಟ್ಟು, ಬಾಯಿಗೆ ಬಟ್ಟೆ ಕಟ್ಟಿ, ಮರಿಗಳು ಹುಳವಾಗಿ ಕಾಳಿನಿಂದ ಹೊರಬಂದಂತೆ ಎಣಿಸುವುದು. ಕೆಲವು ಬಾಟಲಿಗೆ ಪುಡಿ ಬೆರೆಸಬೇಕು, ಕೆಲವಕ್ಕೆ ಬೆರೆಸಬಾರದು. ಅಕ್ಕಿ ಮಾತ್ರ ಎಲ್ಲದರಲ್ಲೂ ಒಂದೇ ಇರಬೇಕು. ಇದು ಮೊದಲ ಪಾಠ.

ಪುಡಿಯಿಲ್ಲದ ಬಾಟಲಿಗಳಿಗೆ ಕಂಪ್ಲಿಯ ಮಿಲ್ಲಿನ ಅಕ್ಕಿ ತುಂಬಿದೆ. ಅಷ್ಟಕ್ಕೇ ಆ ಅಕ್ಕಿ ಮುಗಿಯಿತು. ಮತ್ತೆ ಕಂಪ್ಲಿಗೆ ಹೋಗಿಬರುವ ಬೇಸರಕ್ಕೆ ಹೊಸಪೇಟೆಯ ನಮ್ಮ ಮನೆಯಿಂದಲೇ ಅದೇ ಜಾತಿಯ ಅಕ್ಕಿ ತಂದು ಪುಡಿಯ ಬಾಟಲಿಗಳಿಗೆ ಹಾಕಿದೆ. ಅವುಗಳಲ್ಲಿ ಹೊಸ ಹುಳ ಹುಟ್ಟಲೇ ಇಲ್ಲವೆನ್ನಬೇಕು. ಮಾರ್ಗದರ್ಶಕರಿಗೆ ಖುಷಿಯಾಗಿ, ರೈತರಿಗೆ ಕರಪತ್ರ ಬರೆಯಲು ಹೇಳಿದರು.

ಕರಪತ್ರ ಅಚ್ಚಿಗೆ ಹೋಗುವ ವಾರ ಅವ್ವ ಸೊಪ್ಪು ಸೋಸುತ್ತ ಕೇಳಿದಳು: “ನಿನ್ನ ಬಾಟ್ಲಿ ಅಕ್ಕಿಗೆ ನುಸಿ ಹತ್ತಿಲ್ಲ ಹೌದಿಲ್ಲೋ? ಔಡಲೆಣ್ಣಿ ತಿಕ್ಕಿ, ಆರಿಸಿ ಕೊಟ್ಟಿದ್ದೆ. ಮಗಳಿಗೆ ಬರೇ ಅಕ್ಕಿ ಹೆಂಗ ಕೊಡ್ಲಿ?”

“ಅವ್ವಾ, ಅದು ಹುಳ ಸಾಕಾಕ ಒಯ್ದಿದ್ದು.”

“ಸಾಕಾಕ ಅವೇನು ಕೋಳಿ ಏನ?” ಎಂದು ನಕ್ಕಳು.

ಎಣ್ಣೆ ತಿಕ್ಕದ ಅಕ್ಕಿ ನಮ್ಮ ಮನೆಯಲ್ಲಿ ಡಬ್ಬಿ ಸೇರುವುದಿಲ್ಲ. ಹುಟ್ಟಿದಾಗಿನಿಂದ ನೋಡಿದವಳು ನಾನು. ಬಾಟಲಿಗೆ ಹಾಕುವಾಗ ಆ ಅಕ್ಕಿ ಕೈಗೆ ನುಣುಪಾಗಿತ್ತು — ಆಗಲೇ ಹಾಗನ್ನಿಸಿತ್ತೇ, ಈಗ ಅನ್ನಿಸುತ್ತಿದೆಯೇ... ಹೇಳಲಾರೆ. ಆ ವಿಷಯದಲ್ಲಿ ನನ್ನ ನೆನಪನ್ನು ನಾನು ನಂಬುವುದಿಲ್ಲ. ಆದರೆ ಅವ್ವನ ಮಾತು ಕೇಳಿದ ಮೇಲೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಹುಳ ತಡೆದದ್ದು ಪುಡಿಯೋ ಎಣ್ಣೆಯೋ — ಪ್ರಯೋಗವನ್ನು ಮೊದಲಿನಿಂದ ಮಾಡಬೇಕಿತ್ತು. ಮಾಡಲಿಲ್ಲ. ಯಾರಿಗೂ ಹೇಳಲಿಲ್ಲ. ಕರಪತ್ರ ಅಚ್ಚಾಗಿ ನಿಮ್ಮ ಸಂಘಕ್ಕೂ ಬಂತು.

ಆ ಮಳೆಗಾಲ ಕ್ಯಾಂಟೀನಿನವರು ನಿಮ್ಮ ಚೀಲಗಳನ್ನು ತಿರುಗಿ ಕಳಿಸಿದರು. ಸಂಘದವರು ನನ್ನನ್ನು ಕರೆಸಿದರು. ಹೊಲಿಗೆ ಬಿಚ್ಚಿದ ಕೂಡಲೇ ಹುಳ ಚೀಲದ ಬಾಯಿಗೆ ಹರಿದು ಬಂದವು. ನೀವು ಸೆರಗಿನಿಂದ ಅವನ್ನು ಕೊಡವುತ್ತ, “ಕಾಗದ್ದಾಗ ಹೆಂಗ ಐತಿ ಹಂಗ ಹಾಕೀನ್ರಿ ಮೇಡಂ,” ಎಂದಿರಿ. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಹೇಳಿದೆ:

“ಪುಡಿ ಕಡಿಮೆ ಬಿದ್ದೈತ್ರಿ.”

ಹಿಂದಿನಿಂದ ಯಾರೋ, “ಸಾರಿಗೆ ಇಂಗು ಹಾಕ್ದಂಗ ಚಿಟಿಕಿ ಹಾಕ್ಯಾಳ ತಗೋ,” ಎಂದಳು. ಎಲ್ಲರೂ ನಕ್ಕರು. ನಾನೂ — ನಕ್ಕಿರಬೇಕು. ಕ್ಯಾಂಟೀನು ಮತ್ತೆ ಅಕ್ಕಿ ಕೇಳಲಿಲ್ಲ. ಸಂಘ ನಿಮ್ಮನ್ನು ಕೆಳಗಿಳಿಸಿತು. ಊರಿನಲ್ಲಿ ನೀವು ಚಿಟಿಕಿ ಬಸಮ್ಮ ಆದಿರಿ.

ಆ ದಿನದ ಡೈರಿಯನ್ನು ನಿನ್ನೆ ತೆಗೆದೆ. ‘ಬಸಮ್ಮನವರ ಅಳತೆ ತಪ್ಪಿದೆ’ ಎಂದಷ್ಟೇ ಇದೆ, ನನ್ನ ದುಂಡು ಅಕ್ಷರದಲ್ಲಿ. ಬೇರೆ ಯಾರೂ ಓದದ ಪುಸ್ತಕದಲ್ಲಿ ಯಾರನ್ನು ನಂಬಿಸಲು ಹಾಗೆ ಬರೆದೆ —

ಕಳೆದ ವಾರ ಸಂಡೂರಿನಲ್ಲಿ ನಾನು ನಡೆಸಿದ ಧಾನ್ಯ ಸಂಗ್ರಹದ ತರಬೇತಿಗೆ ನೀವು ಸೊಸೆಯೊಂದಿಗೆ ಬಂದಿದ್ದಿರಿ. ನಾನು ಅದೇ ಕರಪತ್ರ ಹಂಚುತ್ತಿದ್ದೆ. ಹೌದು, ಇವತ್ತಿಗೂ ಅದನ್ನೇ ಹಂಚುತ್ತೇನೆ. ಯಾರೂ ಕರೆಯದಿದ್ದರೂ ನೀವು ಎದ್ದು ನಿಂತಿರಿ. “ನಾನು ಕೈ ಬಿಗಿ ಹಿಡ್ದು ಕೆಟ್ಟೆ. ನೀವು ಹಂಗ ಮಾಡಬ್ಯಾಡ್ರಿ. ಮೇಡಂ ಹೇಳಿದಷ್ಟು ಹಾಕ್ರಿ,” ಎಂದಿರಿ. ಆಮೇಲೆ ಚಹಾ ಕುಡಿಯುವಾಗ ನನ್ನೊಬ್ಬಳಿಗೇ: “ಎಷ್ಟು ಹಾಕಿದ್ನೋ ಈಗ ನನಗ ನೆಪ್ಪಿಲ್ರಿ. ನೀವು ಅಂದ್ರಲ್ಲ, ಕಡಿಮೀನ ಇದ್ದಿರಬೇಕು.”

ನಿಮ್ಮ ಕೆಲಸ, ಹೆಸರು — ಅವು ಹೋದದ್ದು ಗೊತ್ತಿತ್ತು. ನಿಮ್ಮ ನೆನಪನ್ನೂ ಕೆಡಿಸಿದ್ದೇನೆಂದು ಗೊತ್ತಿರಲಿಲ್ಲ. ಸಂಡೂರಿನ ಆ ಹೆಂಗಸರು ಈಗಾಗಲೇ ಎಲೆ ಒಣಗಿಸುತ್ತಿರಬಹುದು. ಲಕ್ಕಿ ಪುಡಿ ಹುಳವನ್ನು ತಡೆಯಬಹುದು, ತಡೆಯದಿರಬಹುದು. ನನಗೆ ಗೊತ್ತಿಲ್ಲ — ನನ್ನ ಸಂಶೋಧನೆಯಿಂದ ಹೇಳಬಹುದಾದದ್ದು ಇಷ್ಟೇ. ಇದನ್ನೇ ಬರೆದು ಇವತ್ತು ಬೆಳಿಗ್ಗೆ ಮಾರ್ಗದರ್ಶಕರಿಗೂ ವಿಶ್ವವಿದ್ಯಾಲಯಕ್ಕೂ ಕಳಿಸಿದ್ದೇನೆ. ನಾಳೆ ಸಂಡೂರಿಗೆ ಹೋಗಿ ಆ ಕರಪತ್ರಗಳನ್ನು ವಾಪಸು ಕೇಳುತ್ತೇನೆ.

ಗುರುವಾರ ಕಂಪ್ಲಿಯಲ್ಲಿ ತರಬೇತಿಯಿದೆ, ನಿಮ್ಮ ಹಳೆಯ ಸಂಘದ ಅಂಗಳದಲ್ಲೇ. ಅಂದು ನಕ್ಕವರೆಲ್ಲ ಬರುತ್ತಾರೆ. ನೀವೂ ಬರುತ್ತೀರಿ, ಎದ್ದು ನಿಲ್ಲುತ್ತೀರಿ. ಅದಕ್ಕೆ ಮೊದಲು ನಾನು ನಿಲ್ಲಬೇಕು. ಆ ದಿನ ಚೀಲಕ್ಕೆ ಕೈಹಾಕಿ ಮೇಲೆತ್ತಿದಾಗ ನನ್ನ ಬೊಗಸೆಯಲ್ಲಿ ಕಂಡದ್ದನ್ನು ಎಲ್ಲರೆದುರು ಹೇಳಬೇಕು. ನಿಮಗೆ ನೆನಪಿಲ್ಲದಿದ್ದರೂ ನನಗಿದೆ, ಬಸಮ್ಮನವರೇ — ಪುಡಿ ಮೆತ್ತದ ಕಾಳು ಒಂದೂ ಇರಲಿಲ್ಲ.