ಹೆಸರಿಗೊಂದು ಬೊಟ್ಟು

ಆಗ ನಾವು ಬಾಗಲಗುಂಟೆಯಲ್ಲಿದ್ದೆವು. ನಮ್ಮ ಬೀದಿಯ ಮಹಿಳಾ ಸಂಘಕ್ಕೆ ವೆಬ್‌ಸೈಟ್ ಮಾಡಿಕೊಡುತ್ತೇನೆಂದು ನಾನಾಗಿಯೇ ಒಪ್ಪಿಕೊಂಡದ್ದು ನನ್ನ ಕೊಬ್ಬು. ಯಶವಂತಪುರದ ಕಂಪ್ಯೂಟರ್ ತರಗತಿಗೆ ಹೋಗಿ, ವೆಬ್‌ಪುಟಕ್ಕೆ ಕೆಲಸ ಹೇಳುವ ಸ್ಕ್ರಿಪ್ಟ್ ಬರೆಯುವುದನ್ನು ಆಗಷ್ಟೇ ಕಲಿತಿದ್ದೆ, ಕಲಿತದ್ದನ್ನು ತೋರಿಸಲು ಕೈ ತುರಿಸುತ್ತಿತ್ತು. ಅಮ್ಮ ಆ ಸಂಘದ ಹಳೆಯ ಸದಸ್ಯೆ.

ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂದಿತ್ತು. ಸದಸ್ಯೆಯರ ಪಟ್ಟಿಯಿದ್ದ ಪುಟಕ್ಕೆ ಹಬ್ಬದ ಕಳೆ ಬರಲೆಂದು ಪ್ರತಿ ಹೆಸರಿಗೂ ಅರಿಶಿನದ ಬಣ್ಣ ಬಳಿದು ಪಕ್ಕದಲ್ಲೊಂದು ಕುಂಕುಮದ ಬೊಟ್ಟು ಇಡೋಣವೆಂದುಕೊಂಡೆ. ಅರವತ್ತು ಹೆಸರಿಗೆ ಒಂದೊಂದಾಗಿ ಮಾಡುತ್ತ ಕೂರಬೇಕಿಲ್ಲ. ಪುಟದಲ್ಲಿರುವ ಹೆಸರುಗಳನ್ನು ಸಾಲಾಗಿ ಹಿಡಿದು, ಒಂದಾದ ಮೇಲೊಂದಕ್ಕೆ ಇದನ್ನೇ ಮಾಡು ಎಂದು ನಾಲ್ಕು ಸಾಲು ಬರೆದರೆ ಸ್ಕ್ರಿಪ್ಟೇ ನೋಡಿಕೊಳ್ಳುತ್ತದೆ. ಬರೆದೆ. ಪುಟ ತೆರೆದರೆ ಅಷ್ಟೂ ಜನಕ್ಕೆ ಕುಂಕುಮ ಇಟ್ಟಾಗಿತ್ತು.

ಅಮ್ಮನಿಗೆ ತೋರಿಸಿದೆ. ಕನ್ನಡಕ ಒರೆಸಿಕೊಂಡು ತನ್ನ ಹೆಸರಿನ ಮೇಲೆ ಬೆರಳಿಟ್ಟು, "ಇದು ನಂದೇನೇ?" ಎಂದಳು.

"ನಿಂದೇ ಕಣಮ್ಮ, ಇನ್ಯಾರ್ದು?"

ಒಗ್ಗರಣೆ ಹಾಕಲು ಒಳಗೆ ಹೋದವಳು ಮತ್ತೆ ಬಂದು ನೋಡಿದಳು. ಅಪ್ಪ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಸಂಘದ ಹಬ್ಬಕ್ಕೆ ತಾಂಬೂಲದ ಚೀಲಗಳನ್ನೆಲ್ಲ ಜೋಡಿಸುವವಳು ಅಮ್ಮನೇ. ಕುಂಕುಮ ಕೊಡುವ ಹೊತ್ತಿಗೆ ಮಾತ್ರ, ಯಾರೂ ಹೇಳದಿದ್ದರೂ, ಅಡುಗೆಮನೆಗೆ ಸರಿದುಬಿಡುತ್ತಿದ್ದಳು. ಅದೆಲ್ಲ ಕಂಡವಳೇ ನಾನು. ಸ್ಕ್ರಿಪ್ಟ್ ಬರೆಯುವ ಹುರುಪಿನಲ್ಲಿ ಒಂದೂ ನೆನಪಾಗಿರಲಿಲ್ಲ.

ನೆನಪಿಸಿದ್ದು ಸಂಘದ ಅಧ್ಯಕ್ಷೆಯ ಫೋನು. "ಚೆನ್ನಾಗ್ ಮಾಡಿದೀಯಮ್ಮ. ಆದ್ರೆ ಎಲ್ರಿಗೂ ಇಟ್ಬಿಟ್ಟಿದೀಯಲ್ಲ? ನಿಮ್ಮಮ್ಮಂಗೂ ಇಟ್ಟಿದೀಯ. ನೋಡಿದೋರು ಏನಂದ್ಕೋತಾರೆ? ಗಂಡ ಇಲ್ದೋರದ್ದು ಮಾತ್ರ ತೆಗ್ದುಬಿಡು."

ಮೈ ಉರಿಯಿತು. ಆಗುವುದಿಲ್ಲ ಎನ್ನಬಹುದಿತ್ತು. ಹಬ್ಬಕ್ಕೆ ಮುಂಚೆ ಅಮ್ಮನ ಸಂಘದಲ್ಲಿ ರಂಪ ಯಾಕೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, "ಆಯ್ತು ಆಂಟಿ" ಎಂದೆ. ಪುಟದಲ್ಲಿದ್ದದ್ದು ಸಂಘದ ರಿಜಿಸ್ಟರಿನಿಂದ ಇಳಿಸಿದ ಪಟ್ಟಿ. ಪ್ರತಿಯೊಬ್ಬರ ಹೆಸರಿನ ಕೆಳಗೆ ಗಂಡನ ಹೆಸರಿತ್ತು. ಗಂಡ ತೀರಿಕೊಂಡಿದ್ದರೆ 'ದಿವಂಗತ' ಎಂದು ಸೇರಿಸಿದ್ದರು. ಆ ಪದ ಕಂಡರೆ ಅವರನ್ನು ಬಿಟ್ಟು ಮುಂದಕ್ಕೆ ಹೋಗು ಎಂದು ಒಂದೇ ಒಂದು ಸಾಲು ಬರೆದೆ. ನಾನು ಬರೆದದ್ದು ಮೊದಲ ಸಲಕ್ಕೇ ಸರಿಯಾಗಿ ನಡೆದದ್ದು ಕಡಿಮೆ; ಅವತ್ತು ನಡೆಯಿತು. ಹನ್ನೊಂದು ಹೆಸರು ಬೋಳಾದವು.

ಮರುದಿನ ಬೆಳಿಗ್ಗೆ ಅಮ್ಮ ಪಕ್ಕದ ಮನೆಯಾಕೆಯನ್ನು ಕರೆತಂದಳು. "ನಮ್ಮ ಹುಡ್ಗಿ ಮಾಡಿರೋದು ನೋಡ್ ಬನ್ರೀ" ಎನ್ನುತ್ತ ತನ್ನ ಹೆಸರು ಹುಡುಕಿದಳು. ಬೆರಳು ಅಲ್ಲೇ ನಿಂತಿತು. ಆಕೆ ಹೋಗುವವರೆಗೂ ಅಮ್ಮ ಬೇರೆ ಏನೇನೋ ಮಾತಾಡಿದಳು. ಆಮೇಲೆ ಸಿಟ್ಟಿಲ್ಲದೆ ಕೇಳಿದಳು:

"ಮೊನ್ನೆ ಗೊತ್ತಿರ್ಲಿಲ್ಲ ಅಲ್ವಾ ಅದಕ್ಕೆ? ಈಗ ಕಂಪ್ಯೂಟ್ರಿಗೂ ಗೊತ್ತಾಗೋಯ್ತೇನೇ?"

ಅದಕ್ಕೆ ಹೇಳಿಕೊಟ್ಟವಳು ನಾನೇ ಎನ್ನುವ ಬದಲು ಪುಟ ಮುಚ್ಚಿದೆ.