ಬೆಕ್ಕಿನ ಕೊರಳಿಗೆ ಜರಿಯ ಆಂಟೆನಾ

ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ ವರ್ಷವೇ ನನ್ನ ಮದುವೆಯಾಯಿತು. ತವರು ಮೊಳಕಾಲ್ಮೂರು, ಸೇರಿದ್ದು ಚಳ್ಳಕೆರೆಯ ಶೇಂಗಾ ವ್ಯಾಪಾರಿಗಳ ಮನೆ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಸೂಟ್‌ಕೇಸಿನಲ್ಲಿ ಸೀರೆಗಳ ಕೆಳಗೆ ಸಾಲ್ಡರಿಂಗ್ ಐರನ್, ಮಲ್ಟಿಮೀಟರ್, ಒಂದು ಡಬ್ಬಿಯಷ್ಟು ಬಿಡಿಭಾಗಗಳನ್ನು ಇಟ್ಟುಕೊಂಡು ಬಂದಿದ್ದೆ. ಅವನ್ನು ಹೊರಗೆ ತೆಗೆಯುವ ಧೈರ್ಯ ಮಾತ್ರ ತಿಂಗಳುಗಟ್ಟಲೆ ಬರಲಿಲ್ಲ. ಆ ಮನೆಯಲ್ಲಿ ಯಾರೂ ನನ್ನನ್ನು ಗದರಿದವರಲ್ಲ. ಆದರೆ ನನ್ನ ಓದನ್ನು ಏನು ಮಾಡಬೇಕೆಂದು ಅವರಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ.

ಮನೆಯ ಹಿಂದೆ ಗೋದಾಮು. ಚೀಲಗಳಿಗೆ ಇಲಿಕಾಟ ಇದ್ದುದರಿಂದ ಅತ್ತೆ ಬೆಕ್ಕು ಸಾಕಿದ್ದರು. ನಾನು ಬರುವ ಮೊದಲೇ ಎರಡು ಬೆಕ್ಕುಗಳು ಹೊರಗೆ ಹೋಗಿ ಮರಳಿ ಬಂದಿರಲಿಲ್ಲ. ಉಳಿದದ್ದು ಬಿಳಿಯ ಮೇಲೆ ಕಂದು ಮಚ್ಚೆಯ ಒಂದು ಹೆಣ್ಣು ಬೆಕ್ಕು. ಅತ್ತೆ ಅದಕ್ಕೆ ಹೆಸರಿಟ್ಟಿರಲಿಲ್ಲ, ‘ಇವಳು’ ಎನ್ನುತ್ತಿದ್ದರು. ಇವಳು ಬೆಳಿಗ್ಗೆ ಹಾಲು ಅನ್ನ ತಿಂದು ಗೋಡೆ ಹಾರಿದರೆ ಸಂಜೆಯ ತನಕ ಪತ್ತೆಯಿಲ್ಲ. ಒಮ್ಮೊಮ್ಮೆ ಮರುದಿನ ಬರುವಳು. ಅಷ್ಟು ಹೊತ್ತೂ ಅತ್ತೆ ಹಿತ್ತಲ ಬಾಗಿಲಿಗೂ ಅಡುಗೆಮನೆಗೂ ಓಡಾಡುತ್ತಿದ್ದರು.

ಒಂದು ದಿನ ಮೊರದಲ್ಲಿ ಅಕ್ಕಿ ಆರಿಸುತ್ತ ಅವರೇ ಕೇಳಿದರು: “ರೇಡಿಯೊ ಓದಿದೀಯಂತಲ್ಲವ್ವಾ. ಗಾಳಿಯಾಗೆ ಬರೋದನ್ನ ಹಿಡಿಯೋ ವಿದ್ಯೆ ಅಂತೆ. ನಮ್ಮ ಇವಳು ಎಲ್ಲಿಗೆ ಹೋಗ್ತಾಳೆ ಅಂತ ಹಿಡಿಯಾಕಾಗಲ್ವಾ?”

“ಆಗ್ಬೋದು ಅತ್ತೆ. ಆದ್ರೆ ಮೇಜು ಬೇಕು, ಹೊಗೆ ಬರ್ತೈತೆ, ವಾಸನೆ ಬರ್ತೈತೆ.”

“ಬರ್ಲಿ ಬಿಡು. ಪಡಸಾಲೆ ಕಿಟಕಿ ಹತ್ರ ಕೂತ್ಕೋ.”

ಆ ಮಧ್ಯಾಹ್ನವೇ ಹಳೆಯ ಮೇಜನ್ನು ಅವರೇ ಒರೆಸಿ ಕಿಟಕಿಯ ಪಕ್ಕಕ್ಕೆ ಎಳೆಸಿದರು.

ನಾನು ಮಾಡಹೊರಟದ್ದು ಕಾಲೇಜಿನ ಲ್ಯಾಬಿನಲ್ಲಿ ಆಟಕ್ಕೆ ಮಾಡಿದ್ದಂಥದೇ ಪುಟ್ಟ ಟ್ರಾನ್ಸ್‌ಮಿಟರ್. ಅದು ಎಫ್‌ಎಂನಲ್ಲಿ ಟಿಕ್ ಟಿಕ್ ಎಂದು ಸದ್ದು ಕಳಿಸುತ್ತದೆ; ಕೈಯಲ್ಲಿ ಹಿಡಿಯುವ ಸಾಮಾನ್ಯ ರೇಡಿಯೊದಲ್ಲಿ, ಸ್ಟೇಷನ್ ಇಲ್ಲದ ಜಾಗಕ್ಕೆ ಮುಳ್ಳು ತಿರುಗಿಸಿದರೆ ಕೇಳುತ್ತದೆ. ಹತ್ತಿರ ಹೋದಷ್ಟೂ ಸದ್ದು ಸ್ಪಷ್ಟ. ಸರ್ಕ್ಯೂಟನ್ನು ಹುಣಸೆಬೀಜಕ್ಕಿಂತ ತುಸು ದೊಡ್ಡದಾಗಿ ಮಾಡಿ, ಕೈಗಡಿಯಾರದ ಸೆಲ್ ಜೋಡಿಸಿ, ಸೈಕಲ್ ಟ್ಯೂಬಿನ ತುಂಡಿನಲ್ಲಿ ಸುತ್ತಿದೆ. ತೊಂದರೆ ಕೊಟ್ಟದ್ದು ಆಂಟೆನಾ. ತಂತಿಯನ್ನು ಕೊರಳಿಗೆ ಸುತ್ತಿದರೆ ಚುಚ್ಚುತ್ತಿತ್ತು. ಇವಳು ಹಿಂದಕ್ಕೆ ಹಿಂದಕ್ಕೆ ನಡೆದು ಬಚ್ಚಲಿನ ಗೋಡೆಗೆ ತಾಗಿ, ಮುಂಗಾಲಿನಿಂದ ಎಲ್ಲವನ್ನೂ ಕಿತ್ತೆಸೆದಳು.

ಆ ವಾರ ತವರಿಗೆ ಹೋಗಿದ್ದೆ. ಪಕ್ಕದ ಮನೆ ರೇಷ್ಮೆ ಸೀರೆ ನೇಯುವವರದು. ಆ ಮನೆಯ ಅಕ್ಕ ನನ್ನನ್ನು ಎತ್ತಿ ಆಡಿಸಿದವರು. ಮಗ್ಗದ ಪಕ್ಕ ಕೂತು ಬೆಕ್ಕಿನ ಕಥೆ ಹೇಳಿದರೆ ಅವರು ಕೈಯ ಕೆಲಸ ನಿಲ್ಲಿಸಿ ನಕ್ಕರು.

“ಏಮ್ಮಾ, ಪಿಲ್ಲಿಗೆ ರೇಡಿಯೊನಾ?” ಅವರ ತೆಲುಗಿನಲ್ಲಿ ಬೆಕ್ಕು ಪಿಲ್ಲಿ.

ನನ್ನ ಕಣ್ಣು ಅಲ್ಲಿದ್ದ ಜರಿಯ ಉರುಳೆಯ ಮೇಲಿತ್ತು. ಮೆತ್ತಗಿನ ದಾರ, ಅದರ ಮೇಲೆ ಲೋಹ. ಬ್ಯಾಗಿನಿಂದ ಮೀಟರ್ ತೆಗೆದು ಎರಡು ತುದಿಗೆ ಹಿಡಿದೆ. ಮುಳ್ಳು ಕದಲಲಿಲ್ಲ. ಈಗಿನ ಅಗ್ಗದ ಜರಿಯ ಮೇಲೆ ಬಣ್ಣದ ಪೊರೆ ಇರುತ್ತದೆ; ಕರೆಂಟು ಹರಿಯದು. ನನ್ನ ಮುಖ ಬಾಡಿದ್ದು ಕಂಡು ಅಕ್ಕ ಒಳಗೆ ಹೋದರು. ತಮ್ಮ ಮದುವೆಯ ಸೀರೆಯನ್ನು ತಂದರು. ಅದು ಮಡಿಕೆಯಲ್ಲೆಲ್ಲ ಹರಿದಿತ್ತು. ಅಂಚಿನ ಹಳೆಯ ಬೆಳ್ಳಿಜರಿಗೆ ಮೀಟರ್ ತಾಗಿಸಿದ್ದೇ ಮುಳ್ಳು ಪಟ್ಟನೆ ಎದ್ದಿತು.

“ಅಕ್ಕಾ, ಇದು ನಿಮ್ಮ ಮದುವೆ ಸೀರೆ. ಬ್ಯಾಡ.”

“ಪೆಟ್ಟಿಗೆಯಾಗೆ ಇಟ್ಟು ಏನ್ ಮಾಡ್ಲಿ? ಉಟ್ಟುಕೊಳ್ಳೋಕಾಗಲ್ಲ, ಬಿಸಾಕೋಕೆ ಮನಸ್ಸಿಲ್ಲ. ನಿಮ್ಮ ಪಿಲ್ಲಿ ಹಾಕ್ಕೊಂಡು ತಿರುಗ್ಲಿ ಬಿಡು.”

ಜರಿಯನ್ನು ಬಿಡಿಸಿ, ಉಳಿದ ರೇಷ್ಮೆ ಎಳೆಗಳ ಜೊತೆ ಸೇರಿಸಿ, ಜಡೆಯಂತೆ ಹೆಣೆದು ಒಂದು ಪಟ್ಟಿ ಮಾಡಿಕೊಟ್ಟರು. ಎಲ್ಲಾದರೂ ಸಿಕ್ಕಿಕೊಂಡರೆ ತಾನಾಗಿ ಬಿಚ್ಚಿಹೋಗಲಿ ಎಂದು ತುದಿಯನ್ನು ಸಡಿಲವಾಗಿ ಹೊಲಿದರು. ಅಷ್ಟು ಚಂದದ ವಸ್ತುವನ್ನು ನಾನು ಬೇರೆ ಯಾವ ಯಂತ್ರಕ್ಕೂ ಜೋಡಿಸಿಲ್ಲ.

ಚಳ್ಳಕೆರೆಗೆ ಬಂದು ಕಟ್ಟಿದೆ. ಇವಳು ಎರಡು ಸಲ ತಲೆ ಕೊಡವಿ ಸುಮ್ಮನಾದಳು. ಗೋಡೆ ಹಾರಿದಳು. ರೇಡಿಯೊದಲ್ಲಿ ಟಿಕ್, ಟಿಕ್.

“ನಡೀರಿ ಅತ್ತೆ,” ಎಂದೆ.

ಅವರು ಸೆರಗನ್ನು ತಲೆ ಮೇಲೆ ಎಳೆದುಕೊಂಡು ಬಾಗಿಲಲ್ಲೇ ನಿಂತರು. ಗುಡಿಗೆ, ನೆಂಟರ ಮನೆಗೆ ಬಿಟ್ಟರೆ ಅವರು ಊರಲ್ಲಿ ನಡೆದವರಲ್ಲ. “ಯಾರಾದ್ರೂ ಕೇಳಿದ್ರೆ?”

“ಬೆಕ್ಕು ಹುಡುಕ್ತಿದೀವಿ ಅನ್ನಾಣ.”

ಹಾಗೆ ಹೊರಟೆವು. ಸದ್ದು ಕೇಳುತ್ತಿತ್ತು, ಯಾವ ದಿಕ್ಕಿನದೆಂದು ತಿಳಿಯುತ್ತಿರಲಿಲ್ಲ. ಬೀದಿಯ ತಿರುವಿನಲ್ಲಿ ಲಾರಿಯೊಂದು ಬಂತೆಂದು ಅತ್ತೆ ಎದೆಗೆ ರೇಡಿಯೊ ಒತ್ತಿಕೊಂಡು ಹಿಂದಕ್ಕೆ ತಿರುಗಿದರು. ಸದ್ದು ತಟ್ಟನೆ ಕುಗ್ಗಿತು. ಮತ್ತೆ ಮುಂದಕ್ಕೆ ತಿರುಗಿದರು, ಜೋರಾಯಿತು. ನಮ್ಮ ಮೈಯೇ ಅಡ್ಡವಾಗಿ ಸದ್ದನ್ನು ತಡೆಯುತ್ತಿತ್ತು. ಸದ್ದು ಕುಗ್ಗಿದರೆ ಬೆಕ್ಕು ಬೆನ್ನ ಹಿಂದಿದೆ ಎಂದು ಅರ್ಥ. ಇಬ್ಬರೂ ನಡುಬೀದಿಯಲ್ಲಿ ಸುತ್ತ ಸುತ್ತ ತಿರುಗಿ ನಕ್ಕೆವು. ಅತ್ತೆ ಬಾಯಿ ಬಿಟ್ಟು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಟಿಕ್ ಟಿಕ್ ನಮ್ಮನ್ನು ಎಣ್ಣೆ ಮಿಲ್ಲಿನ ಗೋಡೆಯ ಗುಂಟ ಕರೆದೊಯ್ದು ಕೊನೆಗೆ ನಿಲ್ಲಿಸಿದ್ದು ಒಂದು ಮಟನ್ ಅಂಗಡಿಯ ಎದುರು. ಕಟ್ಟೆಯ ಕೆಳಗೆ ಇವಳು ಕೂತು, ಕಣ್ಣು ಮುಚ್ಚಿ ಏನನ್ನೋ ಅಗಿಯುತ್ತಿದ್ದಳು. ನಮ್ಮದು ಮೊಟ್ಟೆಯನ್ನೂ ಒಳಗೆ ತಾರದ ಮನೆ. ಅತ್ತೆ ರಸ್ತೆಯ ಈಚೆಯೇ ಮೂಗಿಗೆ ಸೆರಗು ಹಿಡಿದು ನಿಂತರು.

ಅಂಗಡಿಯವರು ಬಿಳಿಗಡ್ಡದ ಹಿರಿಯರು. ನಾನು ಹೋಗಿ ವಿಷಯ ಹೇಳಿದೆ.

“ಓಹೋ, ನಿಮ್ದಾ ಈ ಬಿಲ್ಲಿ?” ಎಂದು ಬೆಕ್ಕನ್ನು ಉರ್ದುವಿನಲ್ಲಿ ಕರೆದು ನಕ್ಕರು. “ದಿನಾ ಬರ್ತೈತಮ್ಮಾ. ಮಾರೋಕಾಗದ ಬೇಕಾರ್ ತುಂಡು ಹಾಕ್ತೀನಿ. ಒಂದಿನಾನೂ ಮೇಲೆ ಹಾರಿಲ್ಲ, ಕದ್ದಿಲ್ಲ. ಭಾಳ ಮರ್ಯಾದಸ್ತೆ.”

ಆ ಕೊನೆಯ ಮಾತು ಅತ್ತೆಗೆ ಕೇಳಿಸಿತು. ಮನೆಯ ಹೊಸ್ತಿಲಲ್ಲಿ ಅವರು ನನ್ನ ಕೈ ಹಿಡಿದು, “ನಿಮ್ಮ ಮಾವಗೆ ಹೇಳಬ್ಯಾಡ. ಮರ್ಯಾದಸ್ತೆ ಅಂದ್ರಲ್ಲ, ಸಾಕು,” ಎಂದರು.

ಆಮೇಲೆ ಅದು ನಮ್ಮ ದಿನಚರಿಯಾಯಿತು. ಅಂಗಡಿಯವರಿಗೂ ರೇಡಿಯೊದ ಹುಚ್ಚು ಹತ್ತಿತು. ಮುಳ್ಳನ್ನು ಎಲ್ಲಿಗೆ ತಿರುಗಿಸಬೇಕೆಂದು ಕೇಳಿಕೊಂಡು, ಹಾಡು ಮುಗಿದಾಗಲೆಲ್ಲ ‘ಬಿಲ್ಲಿ ಸ್ಟೇಷನ್’ ಹಾಕಿ ನೋಡುತ್ತಿದ್ದರು. ಸೆಲ್ ಎರಡು ಮೂರು ದಿನಕ್ಕೇ ಮುಗಿಯುತ್ತಿತ್ತು. ಅದು ಹೇಗೋ ಮಾವನ ಗಮನಕ್ಕೆ ಬಂದಿತ್ತು. ಸಂಜೆ ತಮ್ಮ ಶೇಂಗಾ ಅಂಗಡಿಯಿಂದ ಬಂದವರು ಅಂಗಿಯ ಜೇಬಿನಿಂದ ಹೊಸ ಸೆಲ್‌ಗಳನ್ನು ತೆಗೆದು ನನ್ನ ಮೇಜಿನ ಮೇಲಿಟ್ಟು ಕೈಕಾಲು ತೊಳೆಯಲು ಹೋಗುತ್ತಿದ್ದರು.

ಬೇಸಿಗೆಯಲ್ಲಿ ಒಮ್ಮೆ ಇವಳು ಬರಲಿಲ್ಲ. ಮರುದಿನವೂ ಬರಲಿಲ್ಲ. ಮನೆಯ ಸುತ್ತ ಎಲ್ಲಿಯೂ ಸದ್ದಿಲ್ಲ. ನಾವು ಬಿಸಿಲಲ್ಲಿ ಬೀದಿ ಬೀದಿ ಅಲೆದು, ಕೊನೆಗೆ ಮಟನ್ ಅಂಗಡಿಯ ಹತ್ತಿರ ಬಂದೆವು. ನಮ್ಮನ್ನು ಕಂಡದ್ದೇ ಅವರು ರೇಡಿಯೊ ಹಿಡಿದು ಎದ್ದು ಬಂದರು.

“ಬಿಲ್ಲಿ ಬಂದಿಲ್ಲಮ್ಮಾ. ಆದ್ರೆ ಟಿಕ್ ಟಿಕ್ ಐತೆ. ಕಮ್ಮಿ ಆಗ್ತಾ ಐತೆ.”

ಸೆಲ್ ಸಾಯುತ್ತಿತ್ತು. ಟಿಕ್ ಎಂದ ಮೇಲೆ ಮುಂದಿನ ಟಿಕ್‌ಗೆ ಉಸಿರು ಹಿಡಿದು ಕಾಯಬೇಕಿತ್ತು. ನಾನು ತಿರುಗಿ ತಿರುಗಿ ದಿಕ್ಕು ಹಿಡಿದೆ. ಅಂಗಡಿಯ ಹಿಂದಿನ ಹಳೆಯ ಗೋದಾಮು. ಸೀಜನ್ ಮುಗಿದು ಬೀಗ ಬಿದ್ದಿತ್ತು. ಬಾಗಿಲಿಗೆ ಕಿವಿ ಇಟ್ಟರೆ ಒಳಗಿನಿಂದ ಒಂದು ಸಣ್ಣ ಮಿಯಾಂವ್ ಕೂಡ ಇಲ್ಲ.

“ಒಳಗೈತೆ,” ಎಂದೆ. ಆ ಕ್ಷಣ ನನಗೇ ಪೂರ್ತಿ ನಂಬಿಕೆಯಿರಲಿಲ್ಲ.

“ನನ್ನ ಸೊಸೆ ಐತೆ ಅಂದ್ರೆ ಐತೆ,” ಎಂದರು ಅತ್ತೆ. ಹಿಂದೆ ತಿರುಗಿ ನೋಡಿದರೆ ಅವರು ರಸ್ತೆ ದಾಟಿ, ಅಂಗಡಿಯ ಕಟ್ಟೆಯ ಪಕ್ಕದಲ್ಲೇ ನಿಂತಿದ್ದರು. ಹಿರಿಯರನ್ನು ನೋಡಿ ಕೇಳಿದರು: “ಅಣ್ಣಾರೆ, ಬೀಗದ ಕೈ ಯಾರತ್ರ ಐತೆ?”

“ಓನರ್ ಕೊಂಡ್ಲಹಳ್ಳಿಗೆ ಮದುವೆಗೆ ಹೋಗವ್ರೆ. ಕೀಲಿ ಅವರ ಮನೇಲಿ ಇರ್ಬೇಕು. ತಡೀರಿ.” ಅವರು ಅಂಗಡಿಗೆ ಪರದೆ ಎಳೆದು, ಸೈಕಲ್ ಹತ್ತಿ ಹೋಗೇಬಿಟ್ಟರು.

ಅವರು ಕೀಲಿ ತಂದು ಬಾಗಿಲು ತೆರೆದಾಗ ರೇಡಿಯೊ ಪೂರ್ತಿ ಸುಮ್ಮನಾಗಿತ್ತು. ಒಳಗೆ ಕತ್ತಲು, ಶೇಂಗಾ ಹಿಂಡಿಯ ವಾಸನೆ. ಒಂದು ಸಾಲು ಚೀಲ ಜಾರಿ ಬಿದ್ದಿತ್ತು. ಅದರ ಸಂದಿಯಲ್ಲಿ ಜರಿ ಮಿಂಚಿತು. ಹಿರಿಯರು ಹೆಗಲು ಕೊಟ್ಟು ಚೀಲ ಎತ್ತಿದರು, ನಾನು ಕೈ ಹಾಕಿ ಎಳೆದುಕೊಂಡೆ. ಹಿಂಗಾಲು ಸಿಕ್ಕಿಕೊಂಡಿತ್ತು. ಬಾಯಿ ತೆರೆದಳು, ಸ್ವರ ಹೊರಡಲಿಲ್ಲ. ಅತ್ತೆ ಅಂಗಡಿಯ ಲೋಟದಲ್ಲೇ ನೀರು ತೆಗೆದುಕೊಂಡು, ಬೆರಳು ಅದ್ದಿ ಅದ್ದಿ ಕುಡಿಸಿದರು. ಅವರ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ದನದ ಡಾಕ್ಟರು ಕಾಲಿಗೆ ಪಟ್ಟಿ ಕಟ್ಟಿದರು. ಇವಳು ಕುಂಟುತ್ತ ಬಹಳ ವರ್ಷ ಬಾಳಿದಳು. ಆ ಸಂಜೆ ಮಾವನಿಗೆ ಎಲ್ಲವನ್ನೂ, ಮಟನ್ ಅಂಗಡಿಯ ವಿಷಯವನ್ನೂ, ಅತ್ತೆಯೇ ಹೇಳಿದರು. ಮಾವ, “ಆ ಮನುಷ್ಯಾಗೆ ಏನಾದ್ರೂ ಕೊಟ್ಟು ಬಂದ್ರಾ?” ಎಂದರು. ಮರುದಿನ ಅತ್ತೆ ಶೇಂಗಾ ಹೋಳಿಗೆ ಮಾಡಿದರು. ಮುಂದೆ ಪ್ರತಿ ಯುಗಾದಿಗೂ ಆ ಮನೆಗೆ ಹೋಳಿಗೆ ಹೋಯಿತು, ಅವರ ಹಬ್ಬಕ್ಕೆ ನಮಗೆ ಒಣ ಖರ್ಜೂರ ಬಂತು.

ಸುದ್ದಿ ಹರಡಿ, ಜನ ಕೆಟ್ಟ ರೇಡಿಯೊಗಳನ್ನು ನನ್ನ ಹತ್ತಿರ ತರತೊಡಗಿದರು. ಆಮೇಲೆ ಟೇಪ್‌ರೆಕಾರ್ಡರ್, ಆಮೇಲೆ ಟಿವಿ. ಪಡಸಾಲೆ ಸಾಲದೆ ಮಾವ ಬೀದಿಯ ಕಡೆಯ ಕೋಣೆ ಬಿಡಿಸಿಕೊಟ್ಟರು. ನಾನು ಇವತ್ತಿಗೂ ಕೂತು ಕೆಲಸ ಮಾಡುವುದು ಅಲ್ಲೇ. ಎಷ್ಟೋ ಓದಿದ ಹೆಣ್ಣುಮಕ್ಕಳಿಗೆ ಸಿಗದ್ದು ನನಗೆ ಒಂದು ಬೆಕ್ಕಿನಿಂದ, ಒಬ್ಬ ಅತ್ತೆಯಿಂದ, ಹರಿದ ಸೀರೆ ತಂದುಕೊಟ್ಟ ಅಕ್ಕನಿಂದ, ಬಿಳಿಗಡ್ಡದ ಆ ಹಿರಿಯರಿಂದ ಸಿಕ್ಕಿತು.

ಇವಳ ಕಾಲು ಮಾಗುತ್ತಿದ್ದ ದಿನಗಳಲ್ಲಿ ಒಂದು ಸಂಜೆ ನಾನು ಮೇಜಿನ ಮುಂದಿದ್ದೆ. ಅತ್ತೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು.

“ನಡಿಯವ್ವಾ, ಹೋಗಿ ಬರಾಣ.”

“ಇವಳು ಇಲ್ಲೇ ಮಲಗವ್ಳಲ್ಲ ಅತ್ತೆ?”

“ಮಲಗಿರ್ಲಿ ಬಿಡು,” ಎಂದರು. “ಪಾವಗಡ ರೋಡಿನ ಕಡೆ ನಾವಿನ್ನೂ ಹೋಗೇ ಇಲ್ಲ.”