ದೊಡ್ಡಮ್ಮನ ಗಾದೆ ಖಾಲಿಯಾದ ದಿನ

ನನ್ನ ದೊಡ್ಡಮ್ಮ ಬಲೆ ರಿಪೇರಿ ಮಾಡುತ್ತಾಳೆ, ಮಾತಿಗೊಂದು ಗಾದೆ ಹೇಳುತ್ತಾಳೆ. ಎರಡರಲ್ಲಿ ಹೊಟ್ಟೆಪಾಡು ಯಾವುದು, ಚಟ ಯಾವುದು ಎಂದು ನನಗಿನ್ನೂ ತಿಳಿದಿಲ್ಲ. ಬಲೆಯ ಅಂಚನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಗೋಡೆಗೊರಗಿ ಕೂತಳೆಂದರೆ, ಗಂಡನ ಮೇಲೆ ದೂರು ಹೊತ್ತು ಬಂದ ಹೆಂಗಸರಿಗೆಲ್ಲ ಅಲ್ಲೇ ನ್ಯಾಯ. "ತೂತಿದ್ರೇ ಬಲೆ ಕಣಮ್ಮ," ಎನ್ನುತ್ತಾಳೆ. ಎಲ್ಲವನ್ನೂ ಹಿಡಿದಿಟ್ಟುಕೊಂಡರೆ ನೀರನ್ನೇ ಎಳೆಯಬೇಕಾದೀತು, ಬಿಡುವುದನ್ನು ಬಿಡು ಎಂದರ್ಥ. ಬಂದವಳು ಮೂಗು ಒರೆಸಿಕೊಂಡು ಮನೆಗೆ ಹೋಗುತ್ತಾಳೆ.

ನಮ್ಮ ಮೀನುಗಾರರಲ್ಲಿ ಚುಕ್ಕಾಣಿ ಹಿಡಿದವನಿಗೆ ತಪ್ಪನ್ನು ನೇರವಾಗಿ ಹೇಳುವಂತಿಲ್ಲ. ಗಾದೆಯಲ್ಲಿ ಸುತ್ತಿ ಹೇಳಬೇಕು. ಅವನೂ ಗಾದೆಯಲ್ಲೇ ಉತ್ತರಿಸಬೇಕು. ಯಾರ ಗಾದೆ ಮೊದಲು ಮುಗಿಯುತ್ತದೋ ಅವರು ಸೋತಂತೆ. ದೊಡ್ಡಮ್ಮ ಸೇರಾದರೆ ದೊಡ್ಡಪ್ಪ ಸವ್ವಾಸೇರು.

ಕಳೆದ ವಾರ ದೊಡ್ಡಪ್ಪ ಹಾಡಹಗಲೇ ದೋಣಿಯನ್ನು ದಡದ ಕಲ್ಲುಕಟ್ಟೆಗೆ ಗುದ್ದಿಸಿದ. ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಆಗುವವರೆಗೆ ಕಡಲಿಗೆ ಹೋಗಬೇಡಿ ಎಂದರು ಡಾಕ್ಟರು. ಮಾರನೆಯ ಬೆಳಿಗ್ಗೆಯೇ ಮಹಾರಾಯ ಒಬ್ಬನೇ ಹೊರಟ! ದೊಡ್ಡಮ್ಮ ಬಲೆಯ ಸೂಜಿ ಹಿಡಿದುಕೊಂಡೇ ಓಡಿದಳು, ಹಿಂದೆ ನಾನು.

"ಹಳೇ ದೋಣಿಗೆ ದಡವೇ ದೇವರು," ಎಂದಳು. ವಯಸ್ಸಾಯಿತು, ಸುಮ್ಮನೆ ಕೂರಿ ಎಂದರ್ಥ.

"ದಡ ಸೇರಿದ ದೋಣಿಗೆ ಗೆದ್ದಲು," ಎನ್ನುತ್ತ ಅವನು ಇಂಜಿನ್ ಶುರು ಮಾಡಿದ. ಕೂತವನೇ ಬೇಗ ಹಾಳಾಗುತ್ತಾನೆ ಎಂದು.

"ಕಾಣದ ಬಂಡೆಗೆ ಕರುಣೆ ಇಲ್ಲ."

"ಕಣ್ಣು ಮರೆತ್ರೂ ಕೈ ಮರೆಯಲ್ಲ."

ಮೀನಿನ ಬುಟ್ಟಿ ಹೊತ್ತವರೆಲ್ಲ ಕೆಲಸ ಬಿಟ್ಟು ನಿಂತರು. ಒಬ್ಬ ಶಿಳ್ಳೆಯನ್ನೂ ಹೊಡೆದ. ನನಗೆ ಮೈಯೆಲ್ಲ ಉರಿದುಹೋಯಿತು. ಮನುಷ್ಯ ಸಾಯಲು ಹೊರಟಿದ್ದಾನೆ, ಇವರಿಗೆ ತಮಾಷೆ!

ದೊಡ್ಡಮ್ಮ ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು.

"ನಂಗೆ ಹೆದರಿಕೆ ಆಗ್ತಿದೆ ಕಣ್ರೀ. ಹೋಗ್ಬೇಡಿ."

ದೊಡ್ಡಪ್ಪ ಹುಬ್ಬು ಗಂಟಿಕ್ಕಿ ಯೋಚಿಸಿದ. "ಈ ಗಾದೆ ನಾನು ಕೇಳೇ ಇಲ್ವಲ್ಲೇ. ಅರ್ಥ ಏನು?"

"ಅರ್ಥಗಿರ್ಥ ಏನೂ ಇಲ್ಲ. ಹೆದರಿಕೆ, ಅಷ್ಟೇ."

"ಯಾವಾಗಿಂದ?"

"ಮದುವೆ ಆದಾಗಿಂದ. ನೀವು ಕಡಲಿಗೆ ಹೋದ ದಿನ ಎಲ್ಲಾ."

ಶಿಳ್ಳೆ ಹೊಡೆದವನು ನೆಲ ನೋಡಿದ. ದೊಡ್ಡಪ್ಪ ಇಂಜಿನ್ ಆರಿಸಿ, ದೋಣಿಯಿಂದಿಳಿದು, ಮೊಣಕಾಲುದ್ದ ನೀರಿನಲ್ಲಿ ತಡವರಿಸುತ್ತ ಅವಳ ಹತ್ತಿರ ಬಂದ.

"ನಲವತ್ತು ವರ್ಷ ಗಾದೆ ಕೇಳಿದ್ನಲ್ಲೇ," ಎಂದ. "ಇದನ್ನ ಒಂದ್ಸಲ ಹೇಳ್ಬಾರ್ದಿತ್ತಾ?"